ಪರ್ಲ್ 5ರ ಫಂಕ್ಷನ್‌ಗಳನ್ನು ರಾಕುವಿಗೆ ತಂದ ನನ್ನ ಅನುಭವ

ಪರ್ಲ್ 5 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ ನಮ್ಮ ಹಳೆಯ ಪ್ರೋಗ್ರಾಮ್‌ಗಳನ್ನು ಅದೇ ಕುಟುಂಬದ ಹೊಸ ಭಾಷೆಯಾದ ರಾಕುವಿಗೆ ಸಾಗಿಸುವಾಗ, ಸಾಲು ಸಾಲನ್ನೂ ತಿದ್ದುವ ಬದಲು ಹಳೆಯ ಬಿಲ್ಟ್-ಇನ್ (ಭಾಷೆಯೊಳಗೇ ಸಿದ್ಧವಾಗಿರುವ) ಫಂಕ್ಷನ್‌ಗಳನ್ನೇ ಅದೇ ಹೆಸರು, ಅದೇ ನಡವಳಿಕೆಯೊಂದಿಗೆ ಹೊಸ ಭಾಷೆಯಲ್ಲಿ ಮಾಡ್ಯೂಲ್‌ಗಳಾಗಿ ಬರೆದುಕೊಳ್ಳಲು ನಿರ್ಧರಿಸಿದೆ. ಪರ್ಲ್ ಭಾಷೆಯ ಸೃಷ್ಟಿಕರ್ತ ಲ್ಯಾರಿ ವಾಲ್ 2000ದಲ್ಲಿ ಘೋಷಿಸಿದ ಪರ್ಲ್ 6 ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರ ಡಿಸೆಂಬರ್‌ನಲ್ಲಿ ಬಂತು. 2019ರಲ್ಲಿ ಅದರ ಹೆಸರು ರಾಕು ಎಂದಾಯಿತು. ಹೊಸದರಲ್ಲಿ ಇಲ್ಲವೇ ಇಲ್ಲದ ಫಂಕ್ಷನ್‌ಗಳನ್ನು ಬರೆಯುವುದು ಸುಲಭವಾಗಿತ್ತು. ಹೆಸರು ಉಳಿಸಿಕೊಂಡು ಉತ್ತರ ಬದಲಿಸಿದವುಗಳೇ ನನ್ನ ಹೆಚ್ಚಿನ ಸಮಯ ತೆಗೆದುಕೊಂಡವು.

ಪಠ್ಯದಲ್ಲಿ ಒಂದು ಪದ ಯಾವ ಸ್ಥಾನದಲ್ಲಿದೆ ಎಂದು ಸೊನ್ನೆಯಿಂದ ಎಣಿಸಿ ಹೇಳುವ ‘ಇಂಡೆಕ್ಸ್’ ಅನ್ನೇ ನೋಡಿ. ಹುಡುಕಿದ ಪದ ಸಿಗದಿದ್ದರೆ ಪರ್ಲ್ 5 ‘-1’ ಕೊಡುತ್ತದೆ, ರಾಕು ‘ನಿಲ್’ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ. ಬಂದ ಉತ್ತರ ಸೊನ್ನೆಯೋ ಅದಕ್ಕಿಂತ ಹೆಚ್ಚೋ ಎಂದು ಪರೀಕ್ಷಿಸುವ ಹಳೆಯ ಸಾಲು ರಾಕುವಿನಲ್ಲಿ ಆ ನಿಲ್ ಅನ್ನು ಸೊನ್ನೆಯೆಂದು ಎಣಿಸಿ, ಇಲ್ಲದ ಪದ ಮೊದಲ ಸ್ಥಾನದಲ್ಲೇ ಸಿಕ್ಕಿತೆಂದು ತಿಳಿದು ಮುಂದುವರಿಯುತ್ತದೆ. ಎಚ್ಚರಿಕೆಯ ಸಂದೇಶವೊಂದು ಬರುತ್ತದೆ, ಪ್ರೋಗ್ರಾಮ್ ಮಾತ್ರ ನಿಲ್ಲುವುದಿಲ್ಲ. ಲಾಗ್ ಕಡತಗಳನ್ನು ಸೋಸುವ ನನ್ನ ಪ್ರೋಗ್ರಾಮ್ ಒಂದು ಸಾಲನ್ನೂ ಬಿಡದೆ ಎಲ್ಲವನ್ನೂ ದೋಷವೆಂದು ಪಟ್ಟಿ ಮಾಡಿದಾಗಲೇ ಇದು ನನ್ನ ಗಮನಕ್ಕೆ ಬಂದದ್ದು. ನಿಲ್ ಎಂಬುದು ಹೆಚ್ಚು ಪ್ರಾಮಾಣಿಕವಾದ ಉತ್ತರವೆಂದು ನಾನು ಈಗಲೂ ನಂಬುತ್ತೇನೆ. ಆದರೂ ಮಾಡ್ಯೂಲ್‌ನಲ್ಲಿ ‘-1’ ಅನ್ನೇ ಉಳಿಸಿದೆ, ಏಕೆಂದರೆ ಕರೆಯುವ ಸಾಲುಗಳು ಅದನ್ನೇ ನೆಚ್ಚಿಕೊಂಡಿವೆ.

ಪಠ್ಯದ ಉದ್ದ ಹೇಳುವ ‘ಲೆಂಗ್ತ್’ ರಾಕುವಿನಲ್ಲಿಲ್ಲ, ಉದ್ದ ಎಂದರೆ ಯಾವ ಉದ್ದ ಎಂಬುದನ್ನು ಬರೆಯುವವರೇ ಹೇಳಬೇಕು. ‘ಕಿ’ ಎಂಬ ಅಕ್ಷರವನ್ನು, ಕಣ್ಣಿಗೆ ಕಾಣುವ ಅಕ್ಷರಗಳನ್ನು ನೋಡುವ ‘ಚಾರ್ಸ್’ ಒಂದೆಂದು, ಯುನಿಕೋಡ್ ಸಂಕೇತಗಳನ್ನು (ಇಲ್ಲಿ ‘ಕ’ ಮತ್ತು ಇಕಾರದ ಗುರುತು) ನೋಡುವ ‘ಕೋಡ್ಸ್’ ಎರಡೆಂದು ಎಣಿಸುತ್ತದೆ. ಪಠ್ಯವನ್ನು ಬೈಟ್ ರೂಪದಲ್ಲಿ ಉಳಿಸುವ ಯುಟಿಎಫ್-8ರಲ್ಲಿ ಅದು 6 ಬೈಟ್. ಡಿಕೋಡ್ ಮಾಡಿದ (ಬೈಟ್ ರೂಪದಿಂದ ಯುನಿಕೋಡ್ ಸಂಕೇತಗಳಿಗೆ ತಂದ) ಪಠ್ಯಕ್ಕೆ ಪರ್ಲ್ 5 ಎರಡು ಎನ್ನುವುದರಿಂದ ನಾನು ‘ಕೋಡ್ಸ್’ ಆರಿಸಿಕೊಂಡೆ. ಮೌಲ್ಯವಿಲ್ಲದ ಚರವನ್ನು ಕೊಟ್ಟರೆ ಸೊನ್ನೆಯ ಬದಲು ಮೌಲ್ಯವಿಲ್ಲದ್ದನ್ನೇ ಹಿಂದಿರುಗಿಸುವ ಹಳೆಯ ಪದ್ಧತಿಯನ್ನೂ ಮರೆಯಲಿಲ್ಲ. ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಇಲ್ಲದೆ ಕರೆದಾಗ ಪರ್ಲ್ 5 ‘$_’ ಎಂಬ ಸಿದ್ಧ ಚರವನ್ನು ಬಳಸುತ್ತದೆ; ಕರೆದ ಜಾಗದ ಆ ಚರವನ್ನು, ಕರೆದವರ ಚರಗಳನ್ನು ನೋಡಲು ಬಿಡುವ ರಾಕುವಿನ ‘ಕಾಲರ್ಸ್’ ಮೂಲಕ ಓದಿಕೊಂಡೆ.

ಪ್ರತಿ ಫಂಕ್ಷನ್‌ಗೂ ಪರೀಕ್ಷೆಗಳನ್ನು ಮೊದಲು ಪರ್ಲ್ 5ರಲ್ಲೇ ಓಡಿಸಿ, ಬಂದ ಉತ್ತರಗಳನ್ನು ಬರೆದಿಟ್ಟುಕೊಂಡು, ಆಮೇಲಷ್ಟೇ ರಾಕುವಿನ ಕೋಡ್‌ಗೆ ಕೈಹಾಕುತ್ತಿದ್ದೆ. ಕೈಪಿಡಿಯನ್ನು ಓದಿ ಊಹಿಸಿದ ಉತ್ತರಕ್ಕಿಂತ ಇದು ಎಷ್ಟೋ ಭದ್ರ.

‘ಲೋಕಲ್‌ಟೈಮ್’ (ಸ್ಥಳೀಯ ದಿನಾಂಕ, ಸಮಯ ಹೇಳುವ ಫಂಕ್ಷನ್) ಮಾತ್ರ ಪೂರ್ತಿ ಒಗ್ಗಲಿಲ್ಲ. ಪರ್ಲ್ 5ರಲ್ಲಿ ಅದು ಪಟ್ಟಿ ಬೇಕಾದಲ್ಲಿ ಪಟ್ಟಿಯನ್ನೂ ಒಂದೇ ಮೌಲ್ಯ ಬೇಕಾದಲ್ಲಿ ದಿನಾಂಕದ ಪಠ್ಯವನ್ನೂ ಕೊಡುತ್ತದೆ. ರಾಕುವಿನ ಫಂಕ್ಷನ್‌ಗೆ ತನ್ನನ್ನು ಯಾವ ಸಂದರ್ಭದಲ್ಲಿ ಕರೆದರೆಂದು ತಿಳಿಯುವ ದಾರಿಯಿಲ್ಲ. ಪಠ್ಯ ಬೇಕಾದವರು ಹೆಚ್ಚುವರಿ ಆರ್ಗ್ಯುಮೆಂಟ್ ಒಂದನ್ನು ಕೊಡಲೇಬೇಕೆಂದು ವಿಧಿಸಿ, ಅಂಥ ಕರೆಗಳನ್ನೆಲ್ಲ ಹುಡುಕಿ ಕೈಯಾರೆ ತಿದ್ದಿದೆ.