ರಾಷ್ಟ್ರೀಯ ಆದಾಯದ ಲೆಕ್ಕ: ಎಡವುವುದು ಎಲ್ಲಿ, ಬಿಡಿಸುವುದು ಹೇಗೆ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಕೂಗಳತೆಯಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ, ಪರೀಕ್ಷೆ ಹತ್ತಿರವಾದಂತೆ ಸಂಜೆ ಏಳೆಂಟು ವಿದ್ಯಾರ್ಥಿಗಳು ಚಾಪೆ ಹಾಸಿಕೊಂಡು ಕೂರುತ್ತಾರೆ. ಪಿಯುಸಿಯವರೂ ಇರುತ್ತಾರೆ, ಪದವಿಯ ಮೊದಲ ವರ್ಷದವರೂ ಇರುತ್ತಾರೆ. ಜಿಡಿಪಿಯ ವ್ಯಾಖ್ಯೆ ಕೇಳಿದರೆ ತಡವರಿಸದೆ ಒಪ್ಪಿಸುತ್ತಾರೆ: ಒಂದು ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಎಲ್ಲ ಅಂತಿಮ ಸರಕು ಮತ್ತು ಸೇವೆಗಳ ಮಾರುಕಟ್ಟೆ ಮೌಲ್ಯ. ಅಂಕಿ ಕೊಟ್ಟು ಲೆಕ್ಕ ಮಾಡಿ ಎಂದ ಕೂಡಲೇ ‘ಅಂತಿಮ’ ಎಂಬ ಪದ ಹಾರಿಹೋಗುತ್ತದೆ; ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸುತ್ತಾರೆ. ಇಪ್ಪತ್ತು ವರ್ಷಗಳಿಂದ ಇದೇ ತಪ್ಪನ್ನು ತಿದ್ದುತ್ತಿದ್ದೇನೆ. ಹಾಗಾಗಿ ಈ ಲೇಖನದಲ್ಲಿ ಆ ಹೆಜ್ಜೆಗೇ ಹೆಚ್ಚು ಜಾಗ.

ಮೊದಲಿಗೆ ಸಾಮಗ್ರಿ. ಗೆರೆ ಹಾಕಿದ ನೋಟ್‌ಬುಕ್, ಪೆನ್ಸಿಲ್, ಅಷ್ಟೇ. ಮೊಬೈಲಿನ ಕ್ಯಾಲ್ಕುಲೇಟರ್ ಬೇಡ. ಇಲ್ಲಿನ ಕೂಡುವ ಕಳೆಯುವ ಲೆಕ್ಕ ಏಳನೇ ತರಗತಿಯದು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಹಾಕುವ ತೆಳು ಗೈಡ್ ಖಂಡಿತ ಬೇಡ. ಅಂಥದ್ದೊಂದರಲ್ಲಿ ‘ಜಿಡಿಪಿಗೆ ರಫ್ತನ್ನು ಕೂಡಿದರೆ ಜಿಎನ್‌ಪಿ’ ಎಂದು ಅಚ್ಚಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಜಿಎನ್‌ಪಿಗೆ, ಅಂದರೆ ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕೆ, ಕೂಡಬೇಕಾದದ್ದು ವಿದೇಶದಿಂದ ಬಂದ ನಿವ್ವಳ ಆದಾಯ, ರಫ್ತಲ್ಲ. ಅದನ್ನು ಓದಿದವನಿಗಿಂತ ಏನೂ ಓದದವನು ವಾಸಿ.

ಮೊದಲ ಹೆಜ್ಜೆ: ಸೂತ್ರ ಬರೆಯುವ ಮುನ್ನ, ಪ್ರಶ್ನೆಯಲ್ಲಿರುವ ಪ್ರತಿ ಮೊತ್ತದ ಮುಂದೆ ‘ಈ ವರ್ಷ ಇದರಿಂದ ಹೊಸದೇನಾದರೂ ಉತ್ಪಾದನೆಯಾಯಿತೇ?’ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅಡ್ಡಗೆರೆ ಎಳೆಯಿರಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ, ವೃದ್ಧಾಪ್ಯ ವೇತನ ಇವೆಲ್ಲ ವರ್ಗಾವಣೆ ಪಾವತಿ. ಆ ಹಣದಲ್ಲಿ ಅಕ್ಕಿ ಕೊಂಡಾಗ ಅಕ್ಕಿಯ ಲೆಕ್ಕ ಬರುತ್ತದೆ, ಹಣ ಖಾತೆಗೆ ಬಿದ್ದಾಗ ಅಲ್ಲ. ನಂದಿ ಬೆಟ್ಟದ ಆಸುಪಾಸಿನಲ್ಲಿ ನಿವೇಶನ ಕೋಟಿಗೆ ಮಾರಾಟವಾದರೂ ಜಿಡಿಪಿಗೆ ಆ ಕೋಟಿ ಸೇರುವುದಿಲ್ಲ, ಏಕೆಂದರೆ ಆ ನೆಲ ಹೋದ ವರ್ಷವೂ ಅಲ್ಲೇ ಇತ್ತು. ಮಾರಿಸಿಕೊಟ್ಟ ಮಧ್ಯವರ್ತಿಯ ಕಮಿಷನ್ ಮಾತ್ರ ಸೇರುತ್ತದೆ. ಅದು ಈ ವರ್ಷದ ಸೇವೆ.

ಎರಡನೆಯ ಹೆಜ್ಜೆಯೇ ಕಾಲು ಜಾರುವ ಜಾಗ: ಮೌಲ್ಯವರ್ಧನೆ, ಅಂದರೆ ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ ಮೌಲ್ಯ. ಇದಕ್ಕೆ ಪುಸ್ತಕಗಳಲ್ಲಿ ಗೋಧಿ, ಹಿಟ್ಟು, ಬ್ರೆಡ್ಡಿನ ಉದಾಹರಣೆ ಇರುತ್ತದೆ. ನಮ್ಮ ಕಡೆಯವರಿಗೆ ಬ್ರೆಡ್ ಜ್ವರ ಬಂದಾಗಿನ ತಿಂಡಿ. ನಾನು ರೇಷ್ಮೆಯನ್ನೇ ಹಿಡಿಯುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ಜರಿ, ಬಣ್ಣ ಮುಂತಾದ ಬಾಬತ್ತುಗಳನ್ನು ಬಿಟ್ಟಿದ್ದೇನೆ.

ಚಾಕಿ ಕೇಂದ್ರದವರು 3,000 ರೂಪಾಯಿಗೆ ಮರಿಹುಳುಗಳನ್ನು ರೈತನಿಗೆ ಮಾರುತ್ತಾರೆ. ರೈತ ಅವಕ್ಕೆ ತನ್ನ ತೋಟದ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿ, 35,000 ರೂಪಾಯಿಗೆ ಗೂಡು ಮಾರುತ್ತಾನೆ. ನೂಲು ಬಿಚ್ಚಾಣಿಕೆದಾರರು ಅದರಿಂದ ಕಚ್ಚಾ ರೇಷ್ಮೆ ತೆಗೆದು 43,000ಕ್ಕೆ ಕೊಡುತ್ತಾರೆ. ನೇಕಾರರು ಸೀರೆ ನೇಯ್ದು 70,000ಕ್ಕೆ ಅಂಗಡಿಗೆ ಹಾಕುತ್ತಾರೆ. ಅಂಗಡಿಯವರು ಗಿರಾಕಿಗಳಿಗೆ 90,000ಕ್ಕೆ ಮಾರುತ್ತಾರೆ.

ಐದನ್ನೂ ಕೂಡಿಸಿದರೆ 2,41,000. ಹತ್ತರಲ್ಲಿ ಆರು ಮಂದಿ ಬರೆಯುವ ಉತ್ತರ ಇದು. ಸೀರೆಯ ಬೆಲೆಯೊಳಗೆ ನೂಲಿನ ಬೆಲೆ ಇದೆ, ನೂಲಿನೊಳಗೆ ಗೂಡು, ಗೂಡಿನೊಳಗೆ ಮರಿಹುಳು. ಹೀಗೆ ಕೂಡಿಸಿದರೆ ಅದೇ ಹುಳುವನ್ನು ಐದು ಸಲ ಎಣಿಸಿದಂತಾಯಿತು. ಇದೇ ದ್ವಿಗಣನೆ; ಹೆಸರಿನಲ್ಲಿ ‘ದ್ವಿ’ ಇದೆಯೆಂದು ಎರಡೇ ಸಲ ಎಂದುಕೊಳ್ಳಬೇಡಿ.

ಸರಿಯಾದ ದಾರಿ ಎರಡು. ಕೊನೆಯ ಬೆಲೆ 90,000ವನ್ನು ಮಾತ್ರ ಹಿಡಿಯಬಹುದು. ಇಲ್ಲವೇ ಪ್ರತಿ ಹಂತದಲ್ಲಿ ಉತ್ಪನ್ನದ ಮೌಲ್ಯದಿಂದ ಹೊರಗಿನಿಂದ ಕೊಂಡ ಕಚ್ಚಾವಸ್ತುವಿನ ಬೆಲೆ ಕಳೆಯಬೇಕು: ಚಾಕಿ ಕೇಂದ್ರ 3,000, ರೈತ 32,000, ಬಿಚ್ಚಾಣಿಕೆ 8,000, ನೇಯ್ಗೆ 27,000, ಅಂಗಡಿ 20,000. ಕೂಡಿಸಿ ನೋಡಿ, 90,000 ಬರುತ್ತದೆ. ನಾನು ಎರಡನ್ನೂ ಮಾಡಿಸುತ್ತೇನೆ. ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಕಾಗದವೇ ಹೇಳುತ್ತದೆ.

ಇಷ್ಟು ತಿಳಿದವರೂ ಬೀಳುವ ಗುಂಡಿ ಇನ್ನೊಂದಿದೆ. ಮೊನ್ನೆ ರೇಷ್ಮೆ ಬೆಳೆಯುವ ಮನೆಯ ಹುಡುಗಿಯೊಬ್ಬಳು ರೈತನ ಮೌಲ್ಯವರ್ಧನೆ 20,000 ಎಂದು ಬರೆದಿದ್ದಳು.

“ಹನ್ನೆರಡು ಸಾವಿರ ಎಲ್ಲಿ ಹೋಯಿತಮ್ಮಾ?”

“ಸೊಪ್ಪು ಕೊಯ್ದವರಿಗೆ, ಹುಳು ಹಣ್ಣಾದಾಗ ಗೂಡು ಕಟ್ಟಲಿ ಎಂದು ಚಂದ್ರಂಕಿ ತಟ್ಟೆಗೆ ಬಿಟ್ಟವರಿಗೆ ಕೂಲಿ ಕೊಟ್ಟೆವಲ್ಲ ಸರ್. ಅದನ್ನೂ ಕಳೆದೆ.”

ಮನೆಯ ಜಮಾಖರ್ಚಿನಲ್ಲಿ ಅವಳ ಮಾತು ಸರಿ. ಅಪ್ಪನ ಕೈಯಿಂದ ಹಣ ಹೋಗಿದೆ. ಆದರೆ ಕೂಲಿ ಹೊರಗಿನಿಂದ ಕೊಂಡ ಕಚ್ಚಾವಸ್ತುವಲ್ಲ. ಆ 32,000ವನ್ನು ಹುಟ್ಟಿಸಿದವರಲ್ಲಿ ಕೂಲಿಯವರೂ ಇದ್ದಾರೆ. 12,000 ಅವರ ಪಾಲು. ಗುತ್ತಿಗೆಗೆ ಹಿಡಿದ ಜಮೀನಿನ ಗೇಣಿ 4,000, ಸಾಲದ ಬಡ್ಡಿ 3,000, ಉಳಿದ 13,000 ಮನೆಯವರದು. ಕೂಡಿಸಿದರೆ ಮತ್ತೆ 32,000. ಉತ್ಪನ್ನ ವಿಧಾನ, ಆದಾಯ ವಿಧಾನ ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯದಂತೆ ಕಾಣುವುದು ಇದೇ ಮೊತ್ತವನ್ನು ಎರಡು ಕಡೆಯಿಂದ ನೋಡಿದ್ದು. ಮನೆಯವರ ದುಡಿಮೆಯ ಕೂಲಿಯನ್ನೂ ಲಾಭವನ್ನೂ ಬಿಡಿಸಲಾಗದ ಆ 13,000ಕ್ಕೆ ಮಿಶ್ರ ಆದಾಯ ಎನ್ನುತ್ತಾರೆ.

ನೂಲು ಬಿಚ್ಚುವ ಯಂತ್ರ ಕೊಂಡ ಹಣವನ್ನೂ ಕಳೆಯಬೇಡಿ. ಯಂತ್ರ ಬಂಡವಾಳ ಸರಕು. ವರ್ಷಕ್ಕಿಷ್ಟು ಎಂದು ಸವೆಯುವ ಭಾಗ ಸವಕಳಿಯಾಗಿ ಮುಂದಿನ ಹೆಜ್ಜೆಯಲ್ಲಿ ಬರುತ್ತದೆ. ಮಾರದೆ ಉಳಿದ ಸರಕನ್ನು ಮರೆಯಲೂ ಬೇಡಿ. ಗೂಡನ್ನು ರೈತ ಇಟ್ಟುಕೊಂಡು ಕೂರಲಾರ, ಚಿಟ್ಟೆ ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಕಚ್ಚಾ ರೇಷ್ಮೆಗೆ ಆ ಅವಸರವಿಲ್ಲ. ಬಿಚ್ಚಾಣಿಕೆದಾರರು ಒಳ್ಳೆಯ ದರಕ್ಕೆ ಕಾದು ವರ್ಷದ ಕೊನೆಗೆ ಉಳಿಸಿಕೊಂಡ ನೂಲು ದಾಸ್ತಾನಿನ ಹೆಚ್ಚಳ; ಅದು ಈ ವರ್ಷದ ಉತ್ಪನ್ನವೇ.

ಮೂರನೆಯ ಹೆಜ್ಜೆ ಬರೀ ಏಣಿ ಇಳಿಯುವುದು. ಮಾರುಕಟ್ಟೆ ಬೆಲೆಯ ಜಿಡಿಪಿಯಿಂದ ಸವಕಳಿ ಕಳೆಯಿರಿ, ವಿದೇಶದಿಂದ ಬಂದ ನಿವ್ವಳ ಉತ್ಪಾದನಾಂಗ ಆದಾಯ (ನಮ್ಮವರು ಹೊರದೇಶದಲ್ಲಿ ಗಳಿಸಿದ ಕೂಲಿ, ಗೇಣಿ, ಬಡ್ಡಿ, ಲಾಭದಲ್ಲಿ ಹೊರದೇಶದವರು ಇಲ್ಲಿ ಗಳಿಸಿದ್ದನ್ನು ಕಳೆದು ಉಳಿದದ್ದು) ಕೂಡಿರಿ, ಪರೋಕ್ಷ ತೆರಿಗೆ ಕಳೆದು ಸಹಾಯಧನ ಕೂಡಿರಿ. ಸಿಕ್ಕಿದ್ದು ರಾಷ್ಟ್ರೀಯ ಆದಾಯ. ಹಳೆಯ ಪ್ರಶ್ನೆಪತ್ರಿಕೆ ಹಿಡಿದವರು ಗಮನಿಸಿ: 2015ರ ಜನವರಿಯಲ್ಲಿ 2011-12ನ್ನು ಆಧಾರ ವರ್ಷವಾಗಿ, ಅಂದರೆ ಬೆಲೆಗಳ ಹೋಲಿಕೆಗೆ ಹಿಡಿಯುವ ವರ್ಷವಾಗಿ, ಇಟ್ಟುಕೊಂಡ ಸರಣಿ ಬಂದಾಗಿನಿಂದ ಸರ್ಕಾರ ‘ಜಿಡಿಪಿ ಬೆಳವಣಿಗೆ’ ಎಂದು ಮುಂದಿಡುವುದು ಮಾರುಕಟ್ಟೆ ಬೆಲೆಯ ಜಿಡಿಪಿಯನ್ನು. ಅದಕ್ಕೂ ಹಿಂದೆ ಉತ್ಪಾದನಾಂಗ ವೆಚ್ಚದ ಜಿಡಿಪಿಯನ್ನು, ಅಂದರೆ ಪರೋಕ್ಷ ತೆರಿಗೆ ಕಳೆದು ಸಹಾಯಧನ ಕೂಡಿದ್ದನ್ನು, ಮುಂದಿಡುತ್ತಿದ್ದರು. ಎರಡು ಕಾಲದ ಪತ್ರಿಕೆ ತುಣುಕು ಕತ್ತರಿಸಿ ಒಂದೇ ಕೋಷ್ಟಕಕ್ಕೆ ಅಂಟಿಸಬೇಡಿ.

ಕೊನೆಯದು ನಾಮಮಾತ್ರ ಮತ್ತು ನೈಜ ಜಿಡಿಪಿ: ಮೊದಲನೆಯದು ಈ ವರ್ಷದ ಬೆಲೆಯಲ್ಲಿ ಎಣಿಸಿದ್ದು, ಎರಡನೆಯದು ಆಧಾರ ವರ್ಷದ ಬೆಲೆಯಲ್ಲಿ. ಇದಕ್ಕೆ ಕೋಲಾರದ ಟೊಮೆಟೊಗಿಂತ ಒಳ್ಳೆಯ ಮೇಷ್ಟರಿಲ್ಲ. 2023ರ ಜುಲೈನಲ್ಲಿ ಅಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ದರ ಎರಡು ಸಾವಿರ ದಾಟಿತ್ತು. ದುಡ್ಡು ಹರಿಯಿತು ನಿಜ, ಹಣ್ಣು ಹೆಚ್ಚಾಗಿರಲಿಲ್ಲ. ಕಡಿಮೆಯಿದ್ದುದರಿಂದಲೇ ಆ ದರ. ಟೊಮೆಟೊ ಮತ್ತು ರಾಗಿ ಮಾತ್ರ ಬೆಳೆಯುವ ಊರೊಂದನ್ನು ಕಲ್ಪಿಸಿಕೊಳ್ಳಿ. ಆಧಾರ ವರ್ಷದಲ್ಲಿ 300 ರೂಪಾಯಿಯ 100 ಬಾಕ್ಸ್, 3,000 ರೂಪಾಯಿಯ 10 ಕ್ವಿಂಟಲ್ ರಾಗಿ: ಒಟ್ಟು 60,000. ಈ ವರ್ಷ 900 ರೂಪಾಯಿಯ 80 ಬಾಕ್ಸ್, 3,500 ರೂಪಾಯಿಯ 12 ಕ್ವಿಂಟಲ್ ರಾಗಿ: ಒಟ್ಟು 1,14,000. ಊರು ಹತ್ತಿರ ಹತ್ತಿರ ದುಪ್ಪಟ್ಟು ಬೆಳೆಯಿತೇ? ಈ ವರ್ಷದ ಪ್ರಮಾಣವನ್ನು ಹಳೆಯ ಬೆಲೆಗೆ ಗುಣಿಸಿ: 24,000 ಮತ್ತು 36,000, ಅದೇ 60,000. ನೈಜ ಬೆಳವಣಿಗೆ ಸೊನ್ನೆ.

1,14,000ವನ್ನು 60,000ದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಜಿಡಿಪಿ ಡಿಫ್ಲೇಟರ್, ಅಂದರೆ ಒಟ್ಟಾರೆ ಬೆಲೆಮಟ್ಟದ ಸೂಚ್ಯಂಕ, 190. ಇಲ್ಲಿಗೆ ಬಂದವರು ಸಂತೋಷದಲ್ಲಿ ‘ಬೆಲೆ ಶೇ 190ರಷ್ಟು ಏರಿದೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆಧಾರ ವರ್ಷದ ನೂರನ್ನು ಕಳೆಯಿರಿ. ಏರಿಕೆ ಶೇ 90.

ಗ್ರಾಹಕ ಬೆಲೆ ಸೂಚ್ಯಂಕದ್ದು ಬೇರೆ ದಾರಿ. ಡಿಫ್ಲೇಟರಿನಲ್ಲಿ ಪ್ರಮಾಣ ಈ ವರ್ಷದ್ದು; ಇಲ್ಲಿ ಬುಟ್ಟಿ ಆಧಾರ ವರ್ಷದ್ದು, ಬೆಲೆ ಮಾತ್ರ ಈ ವರ್ಷದ್ದು. ಹಳೆಯ ಬುಟ್ಟಿಯನ್ನೇ, ಅಂದರೆ 100 ಬಾಕ್ಸ್ ಮತ್ತು 10 ಕ್ವಿಂಟಲನ್ನು, ಈಗ ಕೊಂಡರೆ 1,25,000 ಬೇಕು, ಸೂಚ್ಯಂಕ 208.3. ಬೆಲೆ ಅವೇ, ಊರು ಅದೇ, ಉತ್ತರ ಎರಡು. ಏಕೆಂದು ಕೇಳಿದಾಗ ಜಗಲಿಯಲ್ಲಿ ಎಲ್ಲರೂ ಸುಮ್ಮನಾದರು. ಅದೇ ಹುಡುಗಿ ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದಳು: “ಮುನ್ನೂರು ಇದ್ದಾಗ ತಂದಷ್ಟನ್ನೇ ಒಂಬೈನೂರಕ್ಕೂ ಯಾರು ತರುತ್ತಾರೆ ಸರ್? ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಹಾಕಿಬಿಡುತ್ತಾರೆ.”