ಮೆಸೇಜ್ ಕಳಿಸುವ ಮೊದಲು ನಾನು ಕೇಳುವ ಪ್ರಶ್ನೆ

ನಾನು ಎಚ್‌ಐವಿ ಆಪ್ತಸಮಾಲೋಚಕಿ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುವವರ ಜೊತೆ ಫೋನಿನಲ್ಲೇ ಜಾಸ್ತಿ ಮಾತು. ಯಾವ ಆಪ್ ಒಳ್ಳೆಯದು ಅಂತ ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳುತ್ತಾರೆ. ಆಪ್ ಆಮೇಲೆ. ಈ ಫೋನನ್ನು ನಿಮ್ಮನ್ನು ಬಿಟ್ಟು ಇನ್ಯಾರು ನೋಡುತ್ತಾರೆ ಅಂತ ನಾನು ಮೊದಲು ಕೇಳುತ್ತೇನೆ.

ಫೋನ್ ಲಾಕ್ ಆಗಿದ್ದರೂ ಮೆಸೇಜಿನ ಮೊದಲ ಸಾಲು ಸ್ಕ್ರೀನ್ ಮೇಲೆ ಬಂದುಬಿಡುತ್ತದೆ ಅಲ್ವಾ? ಅದಕ್ಕೇ ಮೊದಲ ಭೇಟಿಯಲ್ಲೇ, ಅವರ ಕೈಯಿಂದಲೇ, ನೋಟಿಫಿಕೇಶನ್ ಪ್ರಿವ್ಯೂ ಆಫ್ ಮಾಡಿಸುತ್ತೇನೆ. ನನ್ನ ನಂಬರನ್ನು ಯಾವ ಹೆಸರಲ್ಲಿ ಸೇವ್ ಮಾಡಿಕೊಳ್ಳಬೇಕು ಅನ್ನುವುದು ಅವರಿಷ್ಟ. ರಿಪೋರ್ಟಿನ ಫೋಟೋ ತೆಗೆದರೆ ಅದು ಬ್ಯಾಕಪ್ ಆಗಿ ಮನೆಯ ಇನ್ನೊಂದು ಫೋನಿನಲ್ಲೂ ಕಾಣಬಹುದು, ಅದನ್ನೂ ಹೇಳುತ್ತೇನೆ. ವಾಟ್ಸಾಪ್ ಗ್ರೂಪ್ ಮಾಡುವುದೇ ಇಲ್ಲ, ಅದರಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಸಿಗುತ್ತದೆ.

ಒಪ್ಪಿದವರಿಗೆ ವಾರಕ್ಕೊಂದು ಮೆಸೇಜ್. 'ಹೇಗಿದ್ದೀರಿ?' ಅಂತ, ಅಷ್ಟೇ. ಮಾತ್ರೆ, ಆಸ್ಪತ್ರೆ ಅನ್ನುವ ಪದವೇ ಇರುವುದಿಲ್ಲ. ತೊಂದರೆ ಇದೆ ಅಂದರೆ, ಅಥವಾ ಎರಡು ದಿನ ಉತ್ತರವೇ ಬರದಿದ್ದರೆ, ನಾನೇ ಫೋನ್ ಮಾಡುತ್ತೇನೆ. ಈ ಕ್ರಮವನ್ನು ಕೀನ್ಯಾದಲ್ಲಿ ವೆಲ್‌ಟೆಲ್ ಅಧ್ಯಯನದವರು ಪರೀಕ್ಷಿಸಿ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮೆಸೇಜ್ ಪಡೆದವರಲ್ಲಿ ಮಾತ್ರೆ ಸರಿಯಾಗಿ ತೆಗೆದುಕೊಂಡವರೂ, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಹತೋಟಿಗೆ ಬಂದವರೂ ಜಾಸ್ತಿ ಇದ್ದರು. ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೊಂದು ಮೆಸೇಜ್ ಕೆಲಸ ಮಾಡಿತು, ದಿನಾ ಕಳಿಸಿದ್ದು ಮಾಡಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ದಿನಾ ಬರುವುದನ್ನು ಯಾರೂ ಓದುವುದಿಲ್ಲ. ಅದೂ ಅಲ್ಲದೆ ಮಾತ್ರೆ ತಪ್ಪಲು ಮರೆವೊಂದೇ ಕಾರಣ ಅಲ್ಲ. ಫೋನ್ ಮಾಡಿದಾಗ 'ನೆಂಟರು ಬಂದಿದ್ದರು, ಅವರೆದುರು ಡಬ್ಬಿ ತೆಗೆಯಲು ಆಗಲಿಲ್ಲ' ಅನ್ನುತ್ತಾರೆ. ಅಲಾರಂ ಇದಕ್ಕೇನು ಮಾಡೀತು? ಮಾತ್ರೆಯನ್ನು ಗುರುತು ಸಿಗದ ಬೇರೆ ಡಬ್ಬಿಗೆ ಹಾಕಿಡುವುದು, ಅವರಿಗೆ ಅನುಕೂಲವಾದ ಹೊತ್ತನ್ನು ಗೊತ್ತು ಮಾಡಿಕೊಳ್ಳುವುದು, ಇದೆಲ್ಲ ಮಾತಾಡಿಯೇ ಆಗಬೇಕು.

ಸೋಂಕು ತಡೆಯುವ ವಿಷಯದಲ್ಲಿ ಚಾಟ್‌ಗೆ ಬರುವವರು ಹೆಚ್ಚಾಗಿ ಹೆದರಿರುತ್ತಾರೆ. ಕಾಂಡೋಮ್ ಹರಿಯಿತು ಅಂದರೆ ನಾನು ಕೇಳುವುದು ಒಂದೇ, ಎಷ್ಟು ಹೊತ್ತಾಯಿತು? ಇಂಥ ಸಂಪರ್ಕದ ಮೇಲೆ ಸೋಂಕು ತಗಲದಂತೆ ತಡೆಯುವ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಅಲ್ಲಿ ಟೈಪ್ ಮಾಡುತ್ತಾ ಕೂರುವುದಿಲ್ಲ, ಕರೆ ಮಾಡಿ ಹತ್ತಿರದ ಕೇಂದ್ರಕ್ಕೆ ಹೊರಡಿಸುತ್ತೇನೆ. ಎಚ್‌ಐವಿ ಸ್ವಯಂ ಪರೀಕ್ಷೆಯ ಕಿಟ್ ಬಳಸುವವರು ಬಯಸಿದರೆ ವಿಡಿಯೋ ಕರೆಯಲ್ಲಿ ಜೊತೆಗಿರುತ್ತೇನೆ. ಎರಡು ಗೆರೆ, ಅಂದರೆ ಸೋಂಕಿನ ಸೂಚನೆ, ಬಂದರೆ ಅದೇ ಕೊನೆಯ ಮಾತಲ್ಲ, ಕೇಂದ್ರದಲ್ಲಿ ಮತ್ತೆ ಪರೀಕ್ಷೆ ಆಗಬೇಕು. ಒಂದೇ ಗೆರೆ ಬಂದು ಸೋಂಕು ಕಾಣದಿದ್ದರೂ, ಈಚೆಗಷ್ಟೇ ಸೋಂಕು ತಗಲಬಹುದಾದ ಸಂಪರ್ಕ ಆಗಿದ್ದರೆ ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ನೋಡಿ ಅನ್ನುತ್ತೇನೆ, ಆ ತಾರೀಖನ್ನು ಅವರ ಫೋನಿನ ಕ್ಯಾಲೆಂಡರಿನಲ್ಲಿ ಬೇರೇನೋ ಹೆಸರಲ್ಲಿ ಹಾಕಿಸಿಬಿಡುತ್ತೇನೆ.