ನೀಲಿ ಪಾಪ್ಪಿ: ಬೀಜಕ್ಕೆ ಮಣ್ಣು ಮುಚ್ಚಬೇಡಿ

ಗಸಗಸೆ ಜಾತಿಯ ಹೂಗಿಡವಾದ ಹಿಮಾಲಯದ ನೀಲಿ ಪಾಪ್ಪಿ ಬೆಳೆಯಲು ಹೋಗಿ ಕೈಬಿಟ್ಟವರನ್ನು ತುಂಬ ನೋಡಿದ್ದೇನೆ. ಹೆಚ್ಚಿನವರು ಸೋಲುವುದು ಬೀಜದ ಹಂತದಲ್ಲೇ. 1924-25ರಲ್ಲಿ ಬ್ರಿಟಿಷ್ ಸಸ್ಯ ಸಂಗ್ರಾಹಕ ಫ್ರಾಂಕ್ ಕಿಂಗ್‌ಡನ್ ವಾರ್ಡ್ ಇದರ ಬೀಜ ತಂದದ್ದು ಆಗ್ನೇಯ ಟಿಬೆಟ್‌ನಿಂದ. ಆ ತಂಪು, ಆ ತೇವ ಬೇಸಿಗೆಯಲ್ಲೂ ಸಿಗುವ ತೋಟವಿದ್ದರೆ ಮಾತ್ರ ಕೈಹಾಕಿ.

ಬೀಜ ಹೊಸದೇ ಬೇಕು. ಯಾವ ವರ್ಷದ್ದೆಂದು ಬರೆಯದ ಪೊಟ್ಟಣ ಕೊಳ್ಳಲೇಬೇಡಿ, ಸುಮ್ನೆ ದುಡ್ಡು ದಂಡ. ಚಳಿಗಾಲದ ಕೊನೆಗೆ, ಜರಡಿ ಹಿಡಿದ ಎಲೆಗೊಬ್ಬರಕ್ಕೆ ದಪ್ಪ ಮರಳು ಬೆರೆಸಿ ಕುಂಡ ತುಂಬಿ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ನೆನೆಯಲು ಬಿಡಿ. ಬೀಜವನ್ನು ಮೇಲೆ ತೆಳುವಾಗಿ ಉದುರಿಸಿ, ಅಷ್ಟೇ. ಮಣ್ಣು ಮುಚ್ಚಬೇಡಿ, ಮೊಳೆಯಲು ಇದಕ್ಕೆ ಬೆಳಕು ಬೇಕು. ಬೇಗ ಮೊಳೆಯಲಿ ಅಂತ ಹೀಟರ್ ಪಕ್ಕ ಇಡುವವರಿದ್ದಾರೆ. ಕಾವು ಜಾಸ್ತಿಯಾದರೆ ಬೀಜ ಮೊಳೆಯದೇ ಕೂರುತ್ತದೆ. 10ರಿಂದ 15 ಡಿಗ್ರಿ ಸೆಲ್ಸಿಯಸ್ ಸಾಕು.

ನಿಜವಾದ ಕಷ್ಟ ಮೊಳಕೆ ಬಂದ ಮೇಲೆ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ನೋಡಿದರೆ ಅಡ್ಡ ಮಲಗಿರುತ್ತದೆ. ಬಗ್ಗಿ ನೋಡಿ: ಬುಡ ನೂಲಿನಷ್ಟು ತೆಳುವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದು ಬೂಷ್ಟು. ಸಸಿಗಳು ಒತ್ತೊತ್ತಾಗಿದ್ದರೆ, ಗಾಳಿಯಾಡದಿದ್ದರೆ, ಮೇಲಿನಿಂದ ನೀರು ಹೊಯ್ದರೆ ಒಂದು ಕುಂಡ ಎರಡೇ ದಿನಕ್ಕೆ ಖಾಲಿ. ಮೇಲೆ ಪ್ಲಾಸ್ಟಿಕ್ ಮುಚ್ಚಿದ್ದರೆ ಮೊಳಕೆ ಕಂಡ ದಿನವೇ ಸ್ವಲ್ಪ ಸರಿಸಿ, ದಿನಾ ಇನ್ನಷ್ಟು ಸರಿಸುತ್ತಾ ಹೋಗಿ. ನೀರು ಯಾವಾಗಲೂ ತಟ್ಟೆಯಿಂದಲೇ. ಮೈತುಂಬ ರೋಮವಿರುವ ಎಲೆಗಳು ಮೂರ್ನಾಲ್ಕು ಬಂದ ಮೇಲೆ ಬೇರೆ ಬೇರೆ ಕುಂಡಕ್ಕೆ ಹಾಕಿ. ಹಿಡಿಯುವುದು ಎಲೆಯನ್ನು, ದಂಟನ್ನಲ್ಲ. ದಂಟು ನಲುಗಿದರೆ ಸಸಿ ಉಳಿಯದು.

ನೆಡುವುದು ಸುಲಭ. ಎಲೆ ಉದುರಿಸುವ ಮರಗಳ ಚದುರಿದ ನೆರಳು, ಹುಳಿ ಗುಣದ ಮಣ್ಣು, ಗಿಡದಿಂದ ಗಿಡಕ್ಕೆ 40 ಸೆಂಟಿಮೀಟರ್. ಸುಣ್ಣದಂಶವಿರುವ ಮಣ್ಣಿನಲ್ಲಿ ನೀಲಿ ಬಣ್ಣ ನೇರಳೆಗೆ ತಿರುಗುವುದುಂಟು. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿಹೋಗುತ್ತದೆ, ಗಿಡ ಸತ್ತಿತೆಂದು ಕಿತ್ತು ಎಸೆಯಬೇಡಿ. ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಸಾಕು.

ಇನ್ನೊಂದು ಮಾತು, ಕೇಳಲು ಕಷ್ಟವಾದದ್ದು: ಗಿಡ ಒಂಟಿ ಸುಳಿಯಲ್ಲೇ ಇದ್ದು ಮೊಗ್ಗು ಬಿಟ್ಟರೆ ಆ ಮೊಗ್ಗನ್ನು ಚಿವುಟಿಬಿಡಿ. ಎಳೆಯದರಲ್ಲೇ ಹೂ ಬಿಟ್ಟು ಸತ್ತೇಹೋಗುವ ಗಿಡಗಳುಂಟು. ಚಿವುಟಿದರೆ ಬುಡದಲ್ಲಿ ಪಕ್ಕದ ಸುಳಿಗಳು ಮೂಡುತ್ತವೆ, ಮುಂದಿನ ವರ್ಷದ ಹೂವಿಗೆ ಗಿಡ ಗಟ್ಟಿಯಾಗುತ್ತದೆ. ಆ ಹೂವಿನ ಕಾಯಿ ಕಂದಾಗಿ ತುದಿ ಬಿರಿದ ಕೂಡಲೇ ಬೀಜ ಬಿಡಿಸಿ, ಕಾಗದದಲ್ಲಿ ಕಟ್ಟಿ ಫ್ರಿಜ್‌ನಲ್ಲಿಡಿ. ಪೊಟ್ಟಣದ ಮೇಲೆ ವರ್ಷ ಬರೆಯಿರಿ.